ಮೇಲಿನ ಹಲಗೆಯ ಜಾಡಿ

ಬಹುಳ ದಶಮಿ, ಸೋಮವಾರ

ಚಿಕ್ಕತ್ತೆಯನ್ನು ಮಣ್ಣು ಮಾಡಿ ಬಂದೆವು. ಅತ್ತೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಒಡಹುಟ್ಟಿದ ತಂಗಿ! ಮನೆಗೆ ಬಂದವರೇ ನೇರ ಜಾಡಿಗಳ ಕೋಣೆಗೆ ಹೋಗಿ, "ನೀರು ಬದಲಾಯಿಸಿಲ್ಲವಲ್ಲೇ! ಸತ್ತವಳು ಸತ್ತಳು, ಇವೇನು ಪಾಪ ಮಾಡಿದ್ವು?" ಎಂದು ನನ್ನ ಮೇಲೆ ಹರಿಹಾಯ್ದರು. ಆಮೇಲೆ ಒಂದೊಂದು ಜಾಡಿಯನ್ನೂ ಉಗುರಿನಿಂದ ತಟ್ಟಿ, "ಯಾರು ಮನೇಲಿ?" ಎಂದು ಕೇಳಿ, ಮುಚ್ಚಳ ತೆಗೆದು ನೀರು ಮೂಸಿ ನೋಡಿದರು. ಜಿಗಣೆಯನ್ನು ಬಾಗಿಲು ತಟ್ಟಿ ಮಾತಾಡಿಸುವ ಹುಚ್ಚು ಈ ಊರಿನಲ್ಲಿ ಇನ್ನಾರಿಗೂ ಇಲ್ಲ.

ಗಂಡನ ಹತ್ತಿರ ಹೇಳಿಕೊಳ್ಳೋಣವೆಂದರೆ, ತಾಯಿಯ ವಿಷಯ ಬಂದ ಕೂಡಲೇ ಇವರು ಮಣ್ಣು ತುಳಿಯಲು ಎದ್ದು ಹೋಗುತ್ತಾರೆ. ಕುಂಬಾರನನ್ನು ಕಟ್ಟಿಕೊಂಡರೆ ಇದೊಂದು ತೊಂದರೆ. ತಪ್ಪಿಸಿಕೊಳ್ಳಲು ಅವನಿಗೆ ಯಾವಾಗಲೂ ಒಂದು ರಾಶಿ ಮಣ್ಣು ಸಿದ್ಧವಾಗಿರುತ್ತದೆ. ನನ್ನ ದೂರು ಕೇಳಿಸಿಕೊಳ್ಳುತ್ತಿದ್ದವರು ಚಿಕ್ಕತ್ತೆ ಒಬ್ಬರೇ. ಇನ್ನು ಮೇಲೆ ರೋಗ ಇಳಿಸುವ ಪಂಡಿತರು ಬಿಸಾಡಿದ ಈ ಕಾಗದಗಳ ಹಿಂಬದಿಯೇ ನನಗೆ ಗತಿ.

ಯಾರ ಹೆಸರನ್ನೂ ಬರೆಯುವುದಿಲ್ಲ. ಜಿಗಣೆಮನೆಯಲ್ಲಿ ಹೆಸರು ಬರೆದಿಟ್ಟರೆ ರೋಗ ಅದನ್ನು ಓದಿಕೊಂಡು ಮನೆ ಹುಡುಕುತ್ತಾ ಹೊರಡುತ್ತದೆ. ಅತ್ತೆ ಕಲಿಸಿದ್ದರಲ್ಲಿ ಇದೊಂದನ್ನು ನಾನೂ ನಂಬುತ್ತೇನೆ.

ಬಹುಳ ದ್ವಾದಶಿ, ಬುಧವಾರ

ರೊಟ್ಟಿ ಸುಡುವವನ ಹೆಂಡತಿ ಬೆಳಿಗ್ಗೆಯೇ ಬಂದಳು. ಹೊಸ ಜಾಡಿಯನ್ನು ಹೊಟ್ಟೆಗೆ ಒತ್ತಿಕೊಂಡಿದ್ದಳು. ಅವಳ ಗಂಡನಿಗೆ ಮೈ ನೀಲಿಗಟ್ಟುವ ಜ್ವರ ಬಂದಿತ್ತಂತೆ. ಪಂಡಿತರು ನಿನ್ನೆ ಅದನ್ನು ಜಿಗಣೆಗೆ ಇಳಿಸಿದ್ದಾರೆ. ಆತ ಇವತ್ತು ಎದ್ದು ಕೂತು ಹಿಟ್ಟು ಕಲಸುತ್ತಿದ್ದಾನೆ ಎಂದು ಹೇಳುತ್ತಾ ಅಳುತ್ತಿದ್ದಳು, ನಗುತ್ತಿದ್ದಳು.

"ಅವರು ಒಂದ್ಸಲ ಬಂದು ನೋಡಬಹುದಾ, ಅಮ್ಮಾ?" ಎಂದಳು.

"ಅವನ ಕಣ್ಣಿಗೆ ಬೀಳಲೇಬಾರದು," ಎಂದರು ಅತ್ತೆ. "ತನ್ನ ರೋಗದ ಮುಖ ನೋಡಿದೋನು ದಿನಾ ಅದನ್ನೇ ನೆನೀತಾನೆ. ನೆನೆದ್ರೆ ಅದು ಎದ್ದು ಕೂರುತ್ತೆ. ಅದಕ್ಕೇ ಜಾಡಿ ನಮ್ಮ ಹತ್ರ ಇರೋದು. ಅಮಾವಾಸ್ಯೆ ಅಮಾವಾಸ್ಯೆಗೆ ನೀನು ಬಾ, ನಿನ್ನ ತೋಳಿಂದ ಉಣಿಸು. ಮನೆಯವರು ಯಾರಾದ್ರೂ ಸರಿ, ರೋಗಿ ಮಾತ್ರ ಬೇಡ. ತನ್ನ ಹಳೇ ರಕ್ತದ ರುಚಿ ಸಿಕ್ಕಿದ್ರೆ ರೋಗ ಜಿಗಣೇನ ಬಿಟ್ಟು ವಾಪಸ್ ಹೊರಡುತ್ತೆ. ಜಿಗಣೆ ಹಸಿದು ಸತ್ರೂ ಅಷ್ಟೇ."

ಊರಿಗೆಲ್ಲ ಹೀಗೆ ಉಪದೇಶ ಮಾಡುವ ಹೆಂಗಸು ತನ್ನ ಕೆಮ್ಮಿನ ಜಾಡಿಯನ್ನು ತನ್ನದೇ ಕೋಣೆಯ ಮೇಲಿನ ಹಲಗೆಯಲ್ಲಿ ಇಟ್ಟುಕೊಂಡಿದ್ದಾರೆ! ನಮ್ಮ ಮಗಳು ಪುಟ್ಟಿ ಹುಟ್ಟಿದ ವರ್ಷ ಅತ್ತೆಗೆ ರಕ್ತ ಕಾರುವಂಥ ಕೆಮ್ಮು ಹತ್ತಿಕೊಂಡಿತ್ತು. ನಾನು ಬಾಣಂತನ ಮುಗಿಸಿ ಏಳುವ ಹೊತ್ತಿಗೆ ಕೆಮ್ಮು ಹೋಗಿತ್ತು, ಹಲಗೆಯ ಮೇಲೆ ಜಾಡಿ ಬಂದಿತ್ತು. "ಅಮ್ಮನ ಕೆಮ್ಮು, ಮುಟ್ಟಬೇಡ," ಎಂದು ಇವರು ಹೇಳಿದ್ದರು. ದಿನಾ ಕಣ್ಣೆದುರು ಇಟ್ಟುಕೊಂಡಿದ್ದೀರಲ್ಲ, ಭಯ ಇಲ್ಲವೇ ಎಂದು ಒಮ್ಮೆ ಕೇಳಿದ್ದೆ. "ನನಗೆ ನಾನೇ ಯಾಕೆ ಹೆದರಲಿ?" ಎಂದಿದ್ದರು.

ಮಧ್ಯಾಹ್ನ ಇನ್ನೊಬ್ಬ ಬಂದ. ಕಾಳು ವ್ಯಾಪಾರಿಯ ಅಳಿಯ. ಅವನ ಮಾವನ ಎದೆರೋಗ ನಮ್ಮ ಕೆಳಗಿನ ಸಾಲಿನಲ್ಲಿದೆ. ಅತ್ತೆ ಬಾವಿಯ ಹತ್ತಿರ ಇದ್ದರು. ಆತ ಸುತ್ತಮುತ್ತ ನೋಡಿ, ಅಂಗೈಯಲ್ಲಿದ್ದ ಪೊಟ್ಟಣ ಬಿಚ್ಚಿದ. ಉಪ್ಪು.

"ಒಂದು ಚಿಟಿಕೆ ನೀರಿಗೆ ಬಿದ್ರೆ ಯಾರಿಗೆ ಗೊತ್ತಾಗುತ್ತೆ? ಮಾವನಿಗೂ ವಯಸ್ಸಾಯ್ತು. ಉಪ್ಪು ತಾನೇ, ವಿಷ ಅಲ್ಲವಲ್ಲ," ಎಂದ, ಮಳೆ ಬಿಸಿಲಿನ ಮಾತಾಡುವವನ ಹಾಗೆ.

ಜಿಗಣೆಯ ಮೇಲೆ ಉಪ್ಪು ಬಿದ್ದರೆ ಏನಾಗುತ್ತದೆಂದು ಮಕ್ಕಳಿಗೂ ಗೊತ್ತು. ನನಗೆ ಬೇಡ ಅನ್ನಲೂ ಆಗಲಿಲ್ಲ. ಅಷ್ಟರಲ್ಲಿ ಅತ್ತೆ ನೀರಿನ ಸೌಟು ಹಿಡಿದು ಒಳಗೆ ಬಂದರು.

"ಮಾವ ಬದುಕಿದ್ರೆ ನಿನ್ನಪ್ಪನ ಗಂಟೇನೋ ಹೋಗುತ್ತೆ? ಹೊಸಿಲು ದಾಟು! ಇಲ್ಲಾಂದ್ರೆ ಆ ಉಪ್ಪು ನಿನ್ನ ಬಾಯಿಗೇ ಸುರೀತೀನಿ!"

ಆತ ಚಪ್ಪಲಿ ಬಿಟ್ಟು ಓಡಿದ. ಅತ್ತೆಗೆ ಈ 'ಅಪ್ಪನ ಗಂಟು' ಇಲ್ಲದೆ ಒಂದು ದಿನ ಕಳೆಯುವುದಿಲ್ಲ. ಹಾಲು ಉಕ್ಕಿದರೂ ಅದೇ, ಮಡಕೆ ಒಡೆದರೂ ಅದೇ. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಬಹುಳ ಚತುರ್ದಶಿ, ಶುಕ್ರವಾರ

ನಾಳೆ ಅಮಾವಾಸ್ಯೆ. ಅತ್ತೆಯ ಜಾಡಿಗೆ ಇನ್ನು ಉಣಿಸುವವರು ಯಾರು?

ಇಷ್ಟು ವರ್ಷ ಅಮಾವಾಸ್ಯೆ ತಪ್ಪದೆ ಚಿಕ್ಕತ್ತೆ ಬರುತ್ತಿದ್ದರು. ಅಕ್ಕ ತಂಗಿ ಇಬ್ಬರೂ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಚಿಕ್ಕತ್ತೆ ನಗುತ್ತಾ ಹೊರಗೆ ಬಂದು, ನನ್ನ ಕೆನ್ನೆ ಹಿಂಡಿ ಹೋಗುತ್ತಿದ್ದರು. ತಂಗಿಯ ರಕ್ತದಿಂದ ಅಕ್ಕನ ಕೆಮ್ಮು ಕಟ್ಟಿಹಾಕಿದಂತೆ ಇತ್ತು. ಈಗ ತಂಗಿಯೇ ಇಲ್ಲ.

"ನಾಳೆ ನಿಮ್ಮ ಜಾಡಿಗೆ ನಾನು ಉಣಿಸಲಾ, ಅತ್ತೆ?" ಎಂದು ಕೇಳಿದೆ. ಒಳ್ಳೆಯ ಮಾತಿನಲ್ಲೇ ಕೇಳಿದ್ದು.

ಅವರ ಮುಖ ಸುಣ್ಣದ ಹಾಗಾಯಿತು. "ಆ ಜಾಡಿ ಹತ್ರ ನಿನ್ನ ಕೈ ಬಂದ್ರೆ ಕೈ ಮುರೀತೀನಿ. ನಾನು ನೋಡ್ಕೋತೀನಿ."

ನಾನು ನೋಡಿಕೊಳ್ಳುತ್ತೇನೆ ಎಂದರೆ? ಆಗ ಗಮನಿಸಿದೆ, ಅವರು ಎಡತೋಳಿನ ಬಟ್ಟೆಯನ್ನು ಸುಮ್ಮನೆ ನೀವಿಕೊಳ್ಳುತ್ತಿದ್ದರು. ಸ್ವಂತ ತೋಳು ಕೊಡಲು ಹೊರಟಿದ್ದಾರೆ! ಊರಿಗೆಲ್ಲ ಬೇಡ ಎಂದು ಹೇಳುವ ಕೆಲಸವನ್ನೇ! ತಂಗಿಯ ಹಿಂದೆಯೇ ಹೋಗುವ ಹಟವೋ, ಸೊಸೆಯ ರಕ್ತದ ಋಣ ಬೇಡವೆಂಬ ಜಂಭವೋ, ದೇವರಿಗೇ ಗೊತ್ತು.

ಇವರಿಗೆ ಹೇಳಿದೆ. "ಅಮ್ಮ ಹೇಳಿದ ಹಾಗೆ ಕೇಳು," ಎಂದು ಮುಖ ನೋಡದೆ ಹೇಳಿ ಮಣ್ಣು ತುಳಿಯಲು ಹೋದರು. ಹೆತ್ತ ತಾಯಿ ಸಾಯಲು ಹೊರಟರೂ ಇವರಿಗೆ ಮಣ್ಣೇ ಮುಖ್ಯ.

ಬಾಯಿ ಜೋರಿನ ಹೆಂಗಸು, ನಿಜ. ನನ್ನನ್ನು ಒಂದು ದಿನ ಹೊಗಳಿದವರಲ್ಲ. ಆದರೂ ಆ ಕೆಮ್ಮು ಮತ್ತೆ ಬಂದು ಅವರು ಹಾಸಿಗೆಯಲ್ಲಿ ಒದ್ದಾಡುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಅಮಾವಾಸ್ಯೆ, ಶನಿವಾರ

ಮಾಡಿಬಿಟ್ಟೆ!

ಅತ್ತೆ ಸ್ನಾನಕ್ಕೆ ಹೋದದ್ದೇ ತಡ, ಮಣೆ ಹಾಕಿಕೊಂಡು ಹಲಗೆಯಿಂದ ಜಾಡಿ ಇಳಿಸಿದೆ. ಒಳಗಿನ ಜಿಗಣೆ ನಮ್ಮ ಬೇರೆ ಯಾವ ಜಿಗಣೆಗಿಂತಲೂ ದಪ್ಪ, ಹೊಳೆಯುವ ಕಪ್ಪು. ಚೆನ್ನಾಗಿ ಸಾಕಿದ್ದಾರೆ ಅನ್ನಿಸಿತು. ಬಲಗೈ ಮೊಣಕೈಯ ಒಳಭಾಗ ಇಟ್ಟೆ. ಬೇರೆ ಜಿಗಣೆಗಳು ಹೊಸ ತೋಳು ಸಿಕ್ಕರೆ ಹಿಂದೆ ಮುಂದೆ ನೋಡುತ್ತವೆ. ಇದು ಬಹಳ ದಿನದ ಮೇಲೆ ತವರಿಗೆ ಬಂದವಳ ಹಾಗೆ ನುಗ್ಗಿ ಕಚ್ಚಿತು. ನೋವೇ ಆಗಲಿಲ್ಲ. ಹೊಟ್ಟೆ ತುಂಬ ಕುಡಿದು ತಾನೇ ಕಳಚಿ ಬಿತ್ತು. ಜಾಡಿಯನ್ನು ಇದ್ದಲ್ಲಿಯೇ ಇಟ್ಟು, ಮಣೆ ಒರೆಸಿ, ಏನೂ ಆಗದವಳ ಹಾಗೆ ಒಲೆಯ ಮುಂದೆ ಕೂತೆ.

ಸ್ವಲ್ಪ ಹೊತ್ತಿಗೆ ಅತ್ತೆ ಬಾಗಿಲು ಹಾಕಿಕೊಂಡರು. ಆಮೇಲೆ ಹೊರಗೆ ಬಂದು, "ಬಾಯೇ ಹಾಕ್ತಿಲ್ಲವಲ್ಲ, ಹೊಟ್ಟೆ ತುಂಬಿದ ಹಾಗಿದೆ," ಎಂದು ತಮ್ಮಷ್ಟಕ್ಕೆ ಗೊಣಗಿದರು. ನಾನು ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡೆ. ನಗು ತಡೆಯಲು ಅಷ್ಟು ಕಷ್ಟವಾಯಿತು. ಉಳಿದರು. ನನ್ನ ಕೈಯಿಂದ ಉಳಿದರು, ಅದೂ ಅವರಿಗೆ ಗೊತ್ತೇ ಇಲ್ಲ! ಎಷ್ಟೋ ದಿನಗಳ ಮೇಲೆ ಈ ಹೊತ್ತು ಮನಸ್ಸು ಹಗುರವಾಗಿದೆ.

ಪಾಡ್ಯ, ಭಾನುವಾರ

ಅತ್ತೆ ಒಂದು ಸಲವೂ ಕೆಮ್ಮಲಿಲ್ಲ. ಅಡುಗೆಮನೆಯಿಂದ ಕಿವಿಗೊಟ್ಟು ಕೇಳುತ್ತಲೇ ಇದ್ದೆ. ನನಗೆ ಸ್ವಲ್ಪ ತಲೆನೋವು. ಬಾವಿಯ ನೀರು ಸರಿಯಿಲ್ಲವೆಂದು ಕಾಣುತ್ತದೆ, ಕೊಡ ಎತ್ತಿದ ಕೂಡಲೇ ಮೂಸಿ ನೋಡಿದೆ, ಪಾಚಿಯ ವಾಸನೆ ಬಂತು. ಇವರಿಗೆ ಬರಲಿಲ್ಲವಂತೆ. ಇವರ ಮೂಗಿನಲ್ಲೂ ಮಣ್ಣೇ ತುಂಬಿದೆ.

ತದಿಗೆ, ಮಂಗಳವಾರ

ಚಳಿ. ಬಿಸಿಲಿನಲ್ಲಿ ಕೂತರೂ ಚಳಿ. ಪುಟ್ಟಿ ಗಂಜಿ ಚೆಲ್ಲಿದಳು. "ಹೋಗ್ಲಿ ಬಿಡು, ಯಾರಪ್ಪನ ಗಂಟು ಹೋಗುತ್ತೆ," ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಯಾಕೆ ನಕ್ಕಳೋ. ಅನ್ನದ ಮಡಕೆಯ ಮುಚ್ಚಳ ತೆಗೆಯುವ ಮೊದಲು ಉಗುರಿನಿಂದ ತಟ್ಟಿದೆನೆಂದು ಮತ್ತೆ ನಕ್ಕಳು. ಈ ಮಗುವಿಗೆ ಸುಮ್ಮಸುಮ್ಮನೆ ನಗುವ ಚಾಳಿ.

ಅತ್ತೆ ಆರೋಗ್ಯವಾಗಿದ್ದಾರೆ. ಅಷ್ಟು ಸಾಕು.

ಚೌತಿ, ಬುಧವಾರ

ಬರೆಯಲು ಬೇಸರ. ಕಾಲಿನ ಕೆಳಗೆ ನೆಲ ಒದ್ದೆಯಾಗಿದೆ ಅನ್ನಿಸುತ್ತದೆ, ನೋಡಿದರೆ ಒಣಗಿಯೇ ಇದೆ. ನಿನ್ನೆಯ ಗಂಜಿ ಹೆಚ್ಚಾಯಿತೇನೋ.

ಪಂಚಮಿ, ಗುರುವಾರ

ಕೈ ನಡುಗುತ್ತದೆ. ಅತ್ತೆ ಪಾತ್ರೆ ಕಸಿದುಕೊಳ್ಳಲು ಬಂದು ತೋಳಿನ ಗಾಯ ನೋಡಿದರು. ಜಿಗಣೆಯ ಮೂರು ಸೀಳಿನ ಗುರುತು. ಯಾವ ಜಾಡಿಯದು ಎಂದರು. ನಿಮ್ಮದೇ, ನಿಮ್ಮ ಕೆಮ್ಮಿಗೆ ನಾನೇ ಉಣಿಸಿದೆ, ಬೈಯಬೇಡಿ ಎಂದೆ.

ಅತ್ತೆ ಬೈಯಲಿಲ್ಲ. ಒದ್ದೆ ನೆಲದ ಮೇಲೇ ಕುಸಿದು ಕೂತರು. ಅತ್ತೆ ಹಾಗೆ ಕೂತದ್ದನ್ನು ನಾನು ನೋಡಿಯೇ ಇಲ್ಲ. ಅಷ್ಟು ಸಣ್ಣವರಾಗಿ

ದಶಮಿ, ಮಂಗಳವಾರ

ಬದುಕಿದ್ದೇನೆ. ಮೊದಲು ಇಷ್ಟು ಬರೆದು ನೋಡಿಕೊಳ್ಳಬೇಕು ಅನ್ನಿಸಿತು. ಬದುಕಿದ್ದೇನೆ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದಾರೆ. ಕಿಟಕಿಯಿಂದ ಬಿಸಿಲು ಬಂದು ಹೊದಿಕೆಯ ಮೇಲೆ ಬಿದ್ದಿದೆ. ಗಂಜಿ ಇಷ್ಟು ರುಚಿಯಾಗಿರುತ್ತದೆಂದು ನನಗೆ ತಿಳಿದೇ ಇರಲಿಲ್ಲ.

ಮೇಲಿನ ಹಲಗೆಯ ಜಾಡಿಯಲ್ಲಿದ್ದದ್ದು ಅತ್ತೆಯ ಕೆಮ್ಮಲ್ಲ. ಅದು ನನ್ನ ಬಾಣಂತಿ ಜ್ವರ.

ಇವರೇ ಹೇಳಿದರು, ಹಾಸಿಗೆಯ ಪಕ್ಕ ಕೂತು, ಮಣ್ಣಿನ ನೆಪವಿಲ್ಲದೆ. ಪುಟ್ಟಿ ಹುಟ್ಟಿದ ವರ್ಷ ಈ ಬೀದಿಯಲ್ಲಿ ಹೆತ್ತವರು ಒಬ್ಬರೂ ಎದ್ದಿರಲಿಲ್ಲವಂತೆ. ತೊಟ್ಟಿಲುಗಳಿಗಿಂತ ಮೊದಲು ಚಟ್ಟ ಕಟ್ಟುತ್ತಿದ್ದರಂತೆ. ಪಂಡಿತರು ನನ್ನ ಜ್ವರವನ್ನು ಇಳಿಸಿದಾಗ ನನಗೆ ಪ್ರಜ್ಞೆ ಇರಲಿಲ್ಲ. ಎಚ್ಚರವಾದ ಮೇಲೂ ಹೇಳಬಾರದೆಂದು ಅತ್ತೆ ಅಪ್ಪಣೆ ಮಾಡಿದರು. ಜಿಗಣೆ ಕಾಯುವ ಮನೆಯ ಸೊಸೆ, ದಿನಾ ಜಾಡಿಗಳ ನಡುವೆ ಓಡಾಡುವವಳು, ತನ್ನದು ಯಾವುದೆಂದು ತಿಳಿದರೆ ನೋಡದೆ ಇರುತ್ತಾಳೆಯೇ? ಅತ್ತೆಯ ಕೆಮ್ಮು ಆ ಚಳಿಗಾಲ ಕಳೆದಾಗ ತಾನಾಗಿಯೇ ಹೋಗಿತ್ತು. ಆ ಕೆಮ್ಮಿನ ಹೆಸರನ್ನು ಜಾಡಿಗೆ ಕೊಟ್ಟರು. ಮೊದಲು ಇವರೇ ತೋಳು ಕೊಟ್ಟರಂತೆ, ಜಿಗಣೆ ಮೂಸಿಯೂ ನೋಡಲಿಲ್ಲವಂತೆ. ಅತ್ತೆಯ ತೋಳು ಕಂಡ ಕೂಡಲೇ ಕಚ್ಚಿತಂತೆ.

ಅಂದರೆ ಇಷ್ಟು ವರ್ಷ, ಅಮಾವಾಸ್ಯೆ ತಪ್ಪದೆ. ಚಿಕ್ಕತ್ತೆ ಬರುತ್ತಿದ್ದದ್ದು ಅಕ್ಕನ ತೋಳಿಗೆ ಬಟ್ಟೆ ಸುತ್ತಲು, ಆಮೇಲೆ ಒಂದಿಷ್ಟು ಹರಟಲು. ನಾನು ಹೊರಗೆ ಕೂತು ನನ್ನನ್ನೇ ಆಡಿಕೊಳ್ಳುತ್ತಿದ್ದಾರೆಂದು ಉರಿದುಕೊಳ್ಳುತ್ತಿದ್ದೆ. ಸಂಕಟವಾಗುತ್ತದೆ. ತುಂಬ ಸಂಕಟವಾಗುತ್ತದೆ.

ಷಷ್ಠಿಯ ದಿನ ಪಂಡಿತರು ಬಂದು ನೋಡಿ, "ಒಂದ್ಸಲ ಇಳಿಸಿದ್ದು ವಾಪಸ್ ಬಂದ್ರೆ ಮತ್ತೆ ಇಳಿಸೋಕೆ ಬರೋದಿಲ್ಲ, ತಾಯಿ. ನನ್ನ ಕೈಲಿ ಏನೂ ಇಲ್ಲ," ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೊರಗೆ ಕೂತರಂತೆ. ಆಮೇಲಿನದ್ದು ನಾನು ಕಂಡದ್ದು. ಮರೆಯುವ ಮೊದಲು ಬರೆದಿಡುತ್ತೇನೆ.

ಮಧ್ಯಾಹ್ನದ ಹೊತ್ತು. ನನ್ನ ಕಾಲಿನ ಕಡೆ ಒಬ್ಬಳು ಕೂತಿದ್ದಳು. ಮೈಯೆಲ್ಲ ಒದ್ದೆ, ಕೂದಲಿನಿಂದ ನೀರು ಸೋರುತ್ತಿತ್ತು. ಮುಖ ನನ್ನದೇ. ಈಗಿನದ್ದಲ್ಲ, ಪುಟ್ಟಿ ಹುಟ್ಟಿದ ವರ್ಷದ ಮುಖ. ಅವಳು ತಣ್ಣನೆಯ ಕೈ ನನ್ನ ಪಾದದ ಮೇಲೆ ಇಟ್ಟಿದ್ದಳು. ಕೈ ಮೇಲೆ ಮೇಲೆ ಸರಿದಂತೆ ನಾನು ಕೆಳಗೆ ಕೆಳಗೆ, ಯಾವುದೋ ಜಾಡಿಯ ತಳಕ್ಕೆ ಹೋಗುತ್ತಿದ್ದೆ. ಕೂಗಲು ಬಾಯಿ ತೆರೆದರೆ ನೀರು.

ಆಗ ಅತ್ತೆಯ ದನಿ ಕೇಳಿತು.

"ಏಯ್! ಕೈ ತೆಗಿ!"

ಒದ್ದೆಯವಳು ಬೆಚ್ಚಿದಳು. ಹಾಲು ಕದ್ದು ಸಿಕ್ಕಿಬಿದ್ದವಳ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡಳು. ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಇಷ್ಟು ವರ್ಷ ನಿನ್ನ ಹೊಟ್ಟೆಗೆ ಹಾಕಿದ್ದು ಯಾರೇ? ಇವಳಾ, ನಾನಾ? ನನ್ನ ರಕ್ತ ಕುಡಿದು ದಪ್ಪ ಆಗಿ, ಈಗ ನನ್ನ ಮನೆಯವಳ ಮೇಲೇ ಕೈ ಮಾಡ್ತೀಯಾ? ಮುಖ ಎತ್ತು! ನಾನು ಕೇಳ್ತಾ ಇದ್ದೀನಿ!"

ಅವಳು ಮುಖ ಎತ್ತಲಿಲ್ಲ. ಅತ್ತೆಯ ಎದುರು ನಾನು ತಲೆ ತಗ್ಗಿಸಿ ನಿಲ್ಲುತ್ತೇನಲ್ಲ, ಥೇಟ್ ಹಾಗೆಯೇ ಕೂತಳು. ಆ ಬೈಗುಳ ಎಷ್ಟು ಹೊತ್ತು ನಡೆಯಿತೋ ತಿಳಿಯದು. ನೀರು ಬದಲಾಯಿಸಿದ್ದು, ಬೇಸಿಗೆಯಲ್ಲಿ ಜಾಡಿಗೆ ಒದ್ದೆ ಬಟ್ಟೆ ಸುತ್ತಿದ್ದು, ಇಲಿ ಬಂದಾಗ ಎದ್ದು ಕೂತದ್ದು, ಒಂದನ್ನೂ ಬಿಡದೆ ಎತ್ತಿ ಆಡಿದರು. ನನಗೆ ಆ ಸ್ಥಿತಿಯಲ್ಲೂ ಒದ್ದೆಯವಳನ್ನು ನೋಡಿ ಪಾಪ ಅನ್ನಿಸಿತು. ಆ ಬಾಯಿಯ ಪೆಟ್ಟು ತಿಂದವಳಿಗೇ ಗೊತ್ತು.

ಕೊನೆಗೆ ಅವಳು ಕೇಳಿದಳು, ಬಹಳ ಸಣ್ಣ ದನಿಯಲ್ಲಿ: "ಹಾಗಾದ್ರೆ ನಾನೆಲ್ಲಿಗೆ ಹೋಗಲಿ, ಅತ್ತೆ?"

ಅತ್ತೆ ನೆಲದ ಮೇಲೆ ಕೂತು ಕಾಲು ಚಾಚಿದರು. "ಬಾ ಇಲ್ಲಿ. ಸಾಕಾಗಿರಬೇಕು ನಿನಗೂ," ಎಂದರು. ಅವಳು ಹೋಗಿ ಅವರ ತೊಡೆಯ ಮೇಲೆ ತಲೆಯಿಟ್ಟಳು. ಅತ್ತೆ ಅವಳ ಒದ್ದೆ ಕೂದಲನ್ನು ಬೆರಳಿನಿಂದ ಬಿಡಿಸುತ್ತಾ, ಸಿಕ್ಕು ಬಿಡಿಸುತ್ತಾ, "ಮಲಗು, ಮಲಗು," ಎಂದರು. ಪುಟ್ಟಿಯನ್ನು ಮಲಗಿಸುವುದೂ ಅದೇ ದನಿಯಲ್ಲಿ. ಅವಳ ಕೂದಲು ಒಣಗುತ್ತಾ ಬಂತು. ಒಣಗಿದಷ್ಟೂ ಅವಳು ಕಡಿಮೆಯಾದಳು. ಕೊನೆಗೆ ಅತ್ತೆಯ ಕಾಲಿನ ಪಕ್ಕ ಒಂದು ಒದ್ದೆ ಕಲೆ ಮಾತ್ರ ಉಳಿಯಿತು.

ಅತ್ತೆ ಅದನ್ನು ತಮ್ಮ ಹೊದಿಕೆಯಿಂದ ಒರೆಸಿ, "ಆವಿಗೆಗೆ ಹಾಕೋ," ಎಂದು ಇವರ ಕೈಗೆ ಕೊಟ್ಟರು. ಮಡಕೆ ಸುಡುವ ಆವಿಗೆ ಹಿತ್ತಲಲ್ಲಿ ಉರಿಯುತ್ತಿತ್ತು. ಹೊದಿಕೆ ಬಿದ್ದಾಗ ಒಳಗಿನಿಂದ ದೊಡ್ಡ ನಿಟ್ಟುಸಿರು ಬಂತಂತೆ. ಅದೇ ಹೊತ್ತಿಗೆ ನಾನು ಬೆವತೆ, ನೀರು ಕೇಳಿದೆ. ಪಂಡಿತರು ಬಾಗಿಲಿನಿಂದ ಓಡಿಬಂದು ನಾಡಿ ಹಿಡಿದು ನೋಡಿ, ನನಗೆ ತಂದ ನೀರನ್ನು ತಾವೇ ಕುಡಿದುಬಿಟ್ಟರು.

ಹುಣ್ಣಿಮೆ, ಭಾನುವಾರ

ಆವಿಗೆ ಬಿಚ್ಚಿದರು. ಆ ದಿನದ ಮಡಕೆಗಳೆಲ್ಲ ಪಾಚಿಯ ಹಸಿರಾಗಿವೆ. ಇಂಥ ಬಣ್ಣ ತಮ್ಮ ಜೀವಮಾನದಲ್ಲಿ ಕಂಡಿಲ್ಲವೆಂದು ಇವರು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದಾರೆ.

ಸಂಜೆ ನಾನೂ ಅತ್ತೆಯೂ ಕೊಳಕ್ಕೆ ಹೋದೆವು. ದಾರಿಯುದ್ದಕ್ಕೂ ಅವರು ನನ್ನ ತೋಳು ಹಿಡಿದಿದ್ದರು. ನಾನು ಬೀಳಬಾರದೆಂದೋ ತಾವು ಬೀಳಬಾರದೆಂದೋ ಗೊತ್ತಾಗಲಿಲ್ಲ. ಮೇಲಿನ ಹಲಗೆಯ ಜಾಡಿಯಲ್ಲಿದ್ದ ಜಿಗಣೆ ಈಗ ಬರೀ ಜಿಗಣೆ, ಹುಲ್ಲಿನ ಎಸಳಿನ ಹಾಗೆ ತೆಳ್ಳಗಾಗಿದೆ. ಅತ್ತೆ ಜಾಡಿ ಬಗ್ಗಿಸಿದರು. ಅದು ಒಮ್ಮೆ ಸುರುಳಿ ಸುತ್ತಿ, ನೀರಿನಲ್ಲಿ ಎಲ್ಲಿಗೋ ಹೋಯಿತು.

"ಅವಳಿದ್ದಿದ್ರೆ ನೋಡಿ ಖುಷಿ ಪಡ್ತಿದ್ಲು," ಎಂದರು ಅತ್ತೆ. ತಂಗಿಯನ್ನು ನೆನೆದು ಆಡಿದ ಮಾತು. ಆಮೇಲೆ ದಂಡೆಯ ಮೇಲೆ ಕೂತು ಅತ್ತರು. ಜೋರಾಗಿ, ಬಾಯಿಬಿಟ್ಟು, ಮೂಗು ಒರೆಸಿಕೊಳ್ಳದೆ. ಮಣ್ಣು ಮಾಡಿದ ದಿನ ಅಳಲಿಲ್ಲವೆಂದು ನಾನು ಇಲ್ಲಿ ಏನೇನೋ ಬರೆದಿದ್ದೆ. ಪಾಪ, ಅಮಾವಾಸ್ಯೆ ಹತ್ತಿರವಿತ್ತು. ಅಳಲು ಅವರಿಗೆ ಪುರುಸೊತ್ತು ಎಲ್ಲಿತ್ತು? ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಬೇಡ ಅನ್ನಲಿಲ್ಲ.

ಅಮಾವಾಸ್ಯೆ, ಸೋಮವಾರ

ಇವತ್ತು ಉಣಿಸುವವರ ಸಾಲು ಅಂಗಳ ದಾಟಿ ಬೀದಿಯವರೆಗೂ ಇತ್ತು. ರೊಟ್ಟಿ ಸುಡುವವನ ಹೆಂಡತಿ ಮೊದಲ ಸಲ ತೋಳು ಕೊಟ್ಟಳು, ಕಣ್ಣು ಮುಚ್ಚಿಕೊಂಡು. ಎಲ್ಲರೂ ಹೋದ ಮೇಲೆ ಆ ಅಳಿಯ ಮತ್ತೆ ಬಂದ. ಬಿಟ್ಟುಹೋದ ಚಪ್ಪಲಿ ಕೇಳುವ ನೆಪ. ಒಂದು ಕೈ ಮುಷ್ಟಿ ಕಟ್ಟಿತ್ತು. ಮಾತು ಶುರುಮಾಡುವ ಮೊದಲೇ ನನಗೆ ಸಿಟ್ಟು ಬಂತು, ನಾನೂ ಒಂದೆರಡು ಮಾತು ಹೇಳಿ ಕಳಿಸಿದೆ. ಅಂಥದ್ದೇನೂ ಹೇಳಲಿಲ್ಲ. ಆದರೂ ಆತ ಈ ಸಲವೂ ಚಪ್ಪಲಿ ಬಿಟ್ಟೇ ಓಡಿದ, ಒಳಕೋಣೆಯಲ್ಲಿ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಇವರು ಮಣ್ಣಿನ ಕೈಯಲ್ಲೇ ಬಾಗಿಲಿಗೆ ಬಂದು, "ನಾನು ಅಮ್ಮ ಅಂದ್ಕೊಂಡೆ!" ಎಂದರು. ನನ್ನ ಕೈಯಲ್ಲಿ ನೀರಿನ ಸೌಟು ಎಲ್ಲಿಂದ ಬಂತೋ ನೆನಪಿಲ್ಲ.

ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಹೋದರೆ ಅತ್ತೆ ಸ್ನಾನ ಮುಗಿಸಿ ಮೆಟ್ಟಿಲ ಮೇಲೆ ಕೂತಿದ್ದರು, ಎಡತೋಳಿನ ಬಟ್ಟೆ ಮೇಲಕ್ಕೆ ಮಡಚಿಕೊಂಡು. ಅಭ್ಯಾಸಬಲ. ಯಾರಿಗೂ ಕೊಡಬೇಕಾಗಿಲ್ಲವೆಂಬುದು ತೋಳಿಗೆ ಇನ್ನೂ ತಿಳಿದಿರಲಿಲ್ಲ. ಆ ತೋಳನ್ನು ಬಿಸಿಲಿನಲ್ಲಿ ಮೊದಲ ಸಲ ನೋಡಿದೆ. ಮೊಣಕೈಯಿಂದ ಭುಜದವರೆಗೆ ಮೂರು ಸೀಳಿನ ಗುರುತುಗಳು, ಒಂದರ ಮೇಲೊಂದು, ಹೊಸದಕ್ಕೆ ಜಾಗವೇ ಇಲ್ಲದ ಹಾಗೆ.

ಒಳಗೆ ಹೋಗಿ ಎಣ್ಣೆ ಬೆಚ್ಚಗೆ ಮಾಡಿ ತಂದೆ. ಪಕ್ಕದಲ್ಲಿ ಕೂತು, ಆ ತೋಳನ್ನು ಉಗುರಿನಿಂದ ಮೆಲ್ಲಗೆ ತಟ್ಟಿ, "ಯಾರು ಮನೇಲಿ?" ಎಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. "ನಾನೇ ಕಣೇ," ಎಂದರು. "ಇನ್ನೂ ಇದ್ದೀನಿ."

ಎಣ್ಣೆ ಹಚ್ಚಿ ಬಂದವಳೇ ಬರೆಯಲು ಕೂತೆ. ಕಾಗದದ ತುಂಬ ಎಣ್ಣೆಯ ಬೆರಳಿನ ಗುರುತು ಆಗಿದೆ. ಆಗಲಿ, ಯಾರಪ್ಪನ ಗಂಟು ಹೋಗುತ್ತೆ.